ಐದು ಅಕ್ಷರದ ಇಂಗ್ಲಿಷ್ ಪದಗಳು: ಬಾಲ ನೋಡಿ ಗುಂಪು ಕಟ್ಟುವುದು

ಕಲಬುರಗಿಯಲ್ಲಿ ಕನ್ನಡ ಮಾಧ್ಯಮದ ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಕಲಿಸಲು ನಾನು ಬಳಸುವ ಪಟ್ಟಿಯಲ್ಲಿ ಇರುವುದೆಲ್ಲ ಐದು ಅಕ್ಷರದ ಪದಗಳೇ. ಅವನ್ನು ಎ-ಬಿ-ಸಿ ಕ್ರಮದಲ್ಲಿ ಜೋಡಿಸಿಲ್ಲ. ಪದದ ಬಾಲ, ಅಂದರೆ ಕೊನೆಯ ಅಕ್ಷರಗಳು ಯಾವುವು ಎಂಬುದರ ಮೇಲೆ ಗುಂಪು ಮಾಡಿದ್ದೇನೆ.

ಐದೇ ಯಾಕೆ? ಮೂರು ಅಕ್ಷರದ ಪದ ಅಂದಾಜಿನ ಮೇಲೆ ಬರೆದರೂ ಸರಿಯಾಗಿಬಿಡುತ್ತದೆ. ಆರಕ್ಕೆ ಹೋದರೆ ಇ-ಡಿ, ಇ-ಆರ್, ಐ-ಎನ್-ಜಿ ಹತ್ತಿಸಿಕೊಂಡ ಪದಗಳ ಗದ್ದಲವೇ ಹೆಚ್ಚು. ಎಲ್ಲ ಪದಗಳ ಉದ್ದ ಒಂದೇ ಇದ್ದಾಗ ‘ಉದ್ದಂದು ಅದು, ಗಿಡ್ಡಂದು ಇದು’ ಅಂತ ಗುರುತು ಹಿಡಿಯಲು ಬರುವುದಿಲ್ಲ, ಅಕ್ಷರ ನೋಡಲೇಬೇಕು.

ಬರೆಸುವುದು ಗಣಿತದ ಚೌಕುಳಿ ನೋಟ್‌ಬುಕ್ಕಿನಲ್ಲಿ. ಒಂದು ಪದಕ್ಕೆ ಐದು ಮನೆ, ಸುತ್ತ ದಪ್ಪ ಗೆರೆ. ಲೈಟ್ ಎಂಬುದು ಕನ್ನಡದ ಲೆಕ್ಕದಲ್ಲಿ ಎರಡೇ ಅಕ್ಷರ. ಮನೆ ಖಾಲಿ ಉಳಿದಾಗ ಬಾಯಲ್ಲಿ ಬಾರದ ಜಿ, ಎಚ್ ನೆನಪಾಗುತ್ತವೆ. ಇದಕ್ಕಿಂತ ದೊಡ್ಡ ಲಾಭ ನಮ್ಮ ಕಡೆಯ ಮಾತಿನಿಂದ ಬರುವ ತಪ್ಪುಗಳಲ್ಲಿ ಸಿಗುತ್ತದೆ. ಇಲ್ಲಿ ಕನ್ನಡದವರಾಗಲಿ ಉರ್ದುವಿನವರಾಗಲಿ ‘ಇಸ್ಟೀಲ್’, ‘ಇಸ್ಟೋರ್’ ಎನ್ನುವುದುಂಟು. ಹಾಗೆಯೇ ಬರೆಯಹೋದರೆ ಮೊದಲ ಮನೆಗೆ ಐ ಬಂದು ಕೂರುತ್ತದೆ, ಕೊನೆಯ ಅಕ್ಷರ ಗೆರೆಯ ಹೊರಗೆ ಬೀಳುತ್ತದೆ. ‘ಬೆಂಚು’, ‘ಗ್ಲಾಸು’ ಎಂದು ಉಕಾರ ಹಚ್ಚಿ ಬರೆದರೂ ಅಷ್ಟೇ. ತಪ್ಪು ಮಗುವಿಗೇ ಕಾಣುತ್ತದೆ, ಕೆಂಪು ಪೆನ್ನು ಬೇಕಿಲ್ಲ.

ಪದಗಳು ಬರುವುದು ಪಠ್ಯಪುಸ್ತಕದಿಂದ ಮತ್ತು ಸೂಪರ್ ಮಾರ್ಕೆಟ್ ಕಡೆಯ ಅಂಗಡಿ ಬೋರ್ಡುಗಳಿಂದ. ಸೂಪರ್, ಹೋಟೆಲ್, ಸ್ಟೀಲ್, ಗ್ಲಾಸ್, ಪೇಂಟ್, ಜ್ಯೂಸ್ ಎಲ್ಲವೂ ಐದಕ್ಷರದವೇ. ಇವನ್ನು ಎಕ್ಸೆಲ್‌ನ ಒಂದು ಕಾಲಮ್ಮಿನಲ್ಲಿ ಹಾಕಿ, ಪಕ್ಕದಲ್ಲಿ ಲೆನ್ ಫಂಕ್ಷನ್ನಿಂದ ಅಕ್ಷರ ಎಣಿಸಿ, ಅದರ ಪಕ್ಕ ರೈಟ್ ಫಂಕ್ಷನ್ನಿಂದ ಕೊನೆಯ ಎರಡು ಅಕ್ಷರ ತೆಗೆದು ಸಾರ್ಟ್ ಮಾಡಿದರೆ ಗುಂಪುಗಳು ತಾವಾಗಿ ಬೀಳುತ್ತವೆ. ಉದ್ದದ ಬಾಲ ಬೇಕಿದ್ದರೆ ಟೆಕ್ಸ್ಟ್ ಫಿಲ್ಟರ್‌ನ ಈಕ್ವಲ್ಸ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದಕ್ಕಂಟಿಸಿ ಐ-ಜಿ-ಎಚ್-ಟಿ ಕೊಡಬೇಕು. ಆ ಚಿಹ್ನೆ ಯಾವುದಾದರೂ ಒಂದೇ ಅಕ್ಷರಕ್ಕೆ ಸಲ್ಲುವುದರಿಂದ ನೈಟ್ ಬರುತ್ತದೆ, ಆರಕ್ಷರದ ಬ್ರೈಟ್ ಬರುವುದಿಲ್ಲ.

ಎಣಿಕೆ ತಪ್ಪಿದರೆ ಮೊದಲು ಪದದ ಹಿಂದೆ ಉಳಿದ ಸ್ಪೇಸ್ ನೋಡಬೇಕು. ಲೆನ್ ಅದನ್ನೂ ಎಣಿಸಿ ಆರು ತೋರಿಸುತ್ತದೆ. ಟ್ರಿಮ್ ಹಾಕಿದರೆ ಸರಿಹೋಗುತ್ತದೆ. ಡೋಂಟ್‌ನ ಮೇಲಿನ ಚುಕ್ಕಿಯೂ ಲೆಕ್ಕಕ್ಕೆ ಸೇರಿ ಅದು ಐದರ ಸಾಲಿಗೆ ಬಂದುಬಿಡುತ್ತದೆ, ತೆಗೆಯಬೇಕು. ಬುಕ್ಸ್, ಟ್ರೀಸ್‌ನಂಥ ಬಹುವಚನಗಳು ನಿಜಕ್ಕೂ ನಾಲ್ಕಕ್ಷರದ ಪದಗಳು, ಅವಕ್ಕೂ ಜಾಗವಿಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿದ ಪಟ್ಟಿ ಅಮೆರಿಕದ್ದಾದರೆ ಕಲರ್, ಲೇಬರ್, ಆನರ್ ಐದಕ್ಷರದವಾಗಿ ಬರುತ್ತವೆ. ನಮ್ಮ ಪಠ್ಯಪುಸ್ತಕದ ಬ್ರಿಟಿಷ್ ರೂಪದಲ್ಲಿ ಅವುಗಳಲ್ಲಿ ಯು ಸೇರಿ ಆರಾಗುತ್ತವೆ.

ಒಂದು ಗುಂಪಿಗೆ ಆರರಿಂದ ಎಂಟು ಪದ ಸಾಕು. ಎ4 ಹಾಳಿ ಮೂರು ಸಲ ಮಡಚಿ ಕತ್ತರಿಸಿದರೆ ಎಂಟು ಚೀಟಿ, ಒಂದು ಗುಂಪಿಗೆ ಒಂದು ಹಾಳಿ. ಬರೆಯುವುದು ಸಣ್ಣಕ್ಷರದಲ್ಲೇ, ದೊಡ್ಡಕ್ಷರದಲ್ಲಿ ಮೇಲೇರುವ ಎಚ್, ಕೆಳಗಿಳಿಯುವ ಜಿ ಎಲ್ಲ ಒಂದೇ ಎತ್ತರಕ್ಕೆ ಬಂದು ಪದದ ಆಕಾರ ಕಳೆದುಹೋಗುತ್ತದೆ.

ಬಾಲ ಒಂದೇ ಎಂದು ಉಚ್ಚಾರವೂ ಒಂದೇ ಅಲ್ಲ, ಗುಂಪಿಗೆ ಸೇರಿಸುವ ಮೊದಲು ಜೋರಾಗಿ ಓದಿ ನೋಡಬೇಕು. ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್ ಸರಿ. ಅದೇ ಬಾಲದ ಏಟ್ ಮಾತ್ರ ಹೊರಗೆ, ಅದನ್ನು ತೂಗುವ ವೇ ಜೊತೆ ಇಡುತ್ತೇನೆ. ಫೌಂಡ್, ರೌಂಡ್, ಸೌಂಡ್ ಸಾಲಿನಲ್ಲಿ ಗಾಯ ಎಂಬರ್ಥದ ವೂಂಡ್ ಕೂರುವುದಿಲ್ಲ. ಓ-ಯು-ಜಿ-ಎಚ್ ಬಾಲವನ್ನಂತೂ ಗುಂಪೆಂದು ಕಲಿಸುವುದೇ ಬೇಡ. ರಫ್, ಟಫ್ ಒಂದು ಜೋಡಿ. ಕಾಫ್ ಬೇರೆ, ಡೋ ಬೇರೆ.

ಹೆಚ್ಚು ತಲೆ ತಿನ್ನುವುದು ಅವೇ ಐದು ಅಕ್ಷರ ಹಿಂದೆಮುಂದಾದ ಜೋಡಿಗಳು: ಏಂಜಲ್ ಮತ್ತು ಆ್ಯಂಗಲ್, ಟ್ರಯಲ್ ಮತ್ತು ಟ್ರೇಲ್, ಡೈರಿ ಮತ್ತು ಡೇರಿ, ಕ್ವೈಟ್ ಮತ್ತು ಕ್ವಯೆಟ್. ಇವನ್ನು ಅಕ್ಕಪಕ್ಕ ಬರೆದು ವ್ಯತ್ಯಾಸ ತೋರಿಸುವ ಪದ್ಧತಿ ಎಲ್ಲೆಡೆ ಇದೆ. ನನಗದು ಒಪ್ಪಿಗೆಯಿಲ್ಲ. ಜೋಡಿಯಾಗಿ ಕಲಿತದ್ದು ಜೋಡಿಯಾಗಿಯೇ ನೆನಪಿಗೆ ಬರುತ್ತದೆ, ಪರೀಕ್ಷೆಯಲ್ಲಿ ಯಾವುದು ಯಾವುದೆಂದು ಗಡಬಡ. ಅದರ ಬದಲು ಒಂದೊಂದನ್ನೂ ಅದರದರ ಬಳಗಕ್ಕೆ ಕಳಿಸುತ್ತೇನೆ. ಹೋಟೆಲ್, ಮಾಡೆಲ್, ನಾವೆಲ್, ಲೇಬಲ್, ಕ್ಯಾಮಲ್ ಸಾಲು ಇ-ಎಲ್‌ನಲ್ಲಿ ಮುಗಿಯುತ್ತದೆ, ದೇವದೂತ ಏಂಜಲ್ ಅಲ್ಲಿಗೆ. ಆ್ಯಪಲ್, ಟೇಬಲ್, ಅಂಕಲ್, ಟೈಟಲ್ ಸಾಲು ಎಲ್-ಇ. ಗಣಿತದ ಕೋನ ಇಲ್ಲಿಗೆ. ವಿಚಾರಣೆಯ ಟ್ರಯಲ್‌ಗೆ ಫೈನಲ್, ಟೋಟಲ್, ಲೋಕಲ್, ಮೆಟಲ್ ಜೊತೆ. ಕಾಲುದಾರಿಯ ಟ್ರೇಲ್‌ಗೆ ಟ್ರೇನ್, ಬ್ರೇನ್, ಗ್ರೇನ್, ಪೇಂಟ್ ಜೊತೆ, ಏಕೆಂದರೆ ನಡುವಿನ ಎ-ಐ ಒಂದೇ. ಹಾಲಿನ ಡೇರಿಯಲ್ಲೂ ಅದೇ ಎ-ಐ; ದಿನಚರಿಯ ಡೈರಿಯಲ್ಲಿ ಬಾಯಿ ಮೊದಲು ‘ಡೈ’ ಎನ್ನುವುದರಿಂದ ಐ ಮುಂದೆ. ಕ್ವೈಟ್‌ಗೆ ವೈಟ್, ರೈಟ್ ಎಂಬ ಬರೆಯುವ ಕ್ರಿಯೆ, ಯುನೈಟ್ ಬಳಗ. ಸುಮ್ಮನಿರು ಎನ್ನುವ ಕ್ವಯೆಟ್ ಅನ್ನು ಕ್ವೀನ್, ಕ್ವಿಕ್, ಕ್ವೋಟ್ ಇರುವ ಕ್ಯೂ-ಯು ಆರಂಭದ ಗುಂಪಿಗೆ ಹಾಕುತ್ತೇನೆ. ಪಟ್ಟಿಯಲ್ಲಿ ತಲೆ ನೋಡಿ ಮಾಡಿದ ಗುಂಪು ಅದೊಂದೇ.

ಒಂದೇ ಜೋಡಿಯ ಎರಡು ಬಳಗಗಳ ನಡುವೆ ಎರಡು ವಾರವಾದರೂ ಬಿಡಬೇಕು. ಆಮೇಲೆ ಎಲ್ಲ ಚೀಟಿ ಕಲೆಸಿ ಡಿಕ್ಟೇಷನ್. ಆಗ ಪದವನ್ನಷ್ಟೇ ಹೇಳಬಾರದು, ವಾಕ್ಯದಲ್ಲಿಟ್ಟು ಹೇಳಬೇಕು. ಬರೀ ‘ರೈಟ್’ ಎಂದರೆ ಎರಡು ಗುಂಪಿನಲ್ಲಿ ಎರಡು ಉತ್ತರ ಇವೆ, ಎರಡಕ್ಕೂ ಐದೇ ಮನೆ.