ಸುಗಂಧರಾಜದ ಬುಡ ಬಿಡಿಸಿ ನೆಡೋದು ಹೇಗೆ?

ತುಮಕೂರು ಕಡೆ ಸುಗಂಧರಾಜ ಬೆಳೆಸಿರುವವರು ಗಮನಿಸಿ. ಮೂರು ವರ್ಷ ದಾಟಿದ ಬುಡದಲ್ಲಿ ಎಲೆ ಜಾಸ್ತಿ, ಹೂ ಕಡಿಮೆ, ಅಲ್ವಾ? ಗೊಬ್ಬರ ಸುರಿದರೆ ಸರಿಹೋಗಲ್ಲ. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ, ಸುತ್ತ ಹುಟ್ಟಿದ ಮರಿಗಳೇ ಬಿಡಬೇಕು. ಅವಕ್ಕೆ ಜಾಗ ಬೇಕು.

ಬೇಸಿಗೆಯಲ್ಲಿ ಎಲೆ ಹಳದಿಯಾದಾಗ ನೀರು ನಿಲ್ಲಿಸಿ. ನಮ್ಮ ಕೆಂಪು ಮಣ್ಣು ಒಣಗಿದರೆ ಕಲ್ಲಿನಂತಾಗುತ್ತೆ, ಹಾಗಾಗಿ ಅಗೆಯುವ ಹಿಂದಿನ ದಿನ ಮಾತ್ರ ಸ್ವಲ್ಪ ನೆನೆಸಿ. ಗುದ್ದಲಿಯನ್ನು ಬುಡದಿಂದ ಒಂದು ಗೇಣು ದೂರಕ್ಕೆ ಹಾಕಿ, ಇಡೀ ಗುಂಪನ್ನು ಮೇಲೆತ್ತಿ. ಮಣ್ಣು ಕೊಡವಿ, ಗೆಡ್ಡೆಗಳನ್ನು ಕೈಯಲ್ಲೇ ಬಿಡಿಸಿ. ಬೆರಳಿಂದ ಒತ್ತಿ ನೋಡಿ: ಮೆತ್ತಗಿದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಸಾಡಿ.

ನೆರಳಲ್ಲಿ ಮೂರ್ನಾಲ್ಕು ವಾರ ಹರಡಿಡಿ. ಈ ವಿಶ್ರಾಂತಿ ತಪ್ಪಿಸಲೇಬೇಡಿ. ಆಮೇಲೆ 2ರಿಂದ 3 ಸೆಂ.ಮೀ. ದಪ್ಪದ ಗೆಡ್ಡೆ ಆರಿಸಿ, 5 ಸೆಂ.ಮೀ. ಆಳದಲ್ಲಿ, ಗೇಣಿಗೊಂದರಂತೆ ನೆಡಿ. ಚಿಕ್ಕವನ್ನು ಎಸೆಯಬೇಡಿ, ಬೇರೆ ಮಡಿಯಲ್ಲಿ ಬೆಳೆಸಿದರೆ ಮುಂದಿನ ವರ್ಷಕ್ಕೆ ಆಗುತ್ತವೆ. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಜಾಗವೇ ಆಗಬೇಕು. ಚಿಗುರು ಕಾಣುವವರೆಗೆ ನೀರು ಮಿತವಾಗಿರಲಿ.

ಹೊಸದಾಗಿ ಶುರು ಮಾಡುವವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಪ್ರಜ್ವಲ್ ತಳಿಯ ಗೆಡ್ಡೆ ಕೇಳಿ ನೋಡಿ.