ಹಳೇ ಕಾರಲ್ಲಿ ಟ್ಯಾಬ್ಲೆಟ್ ಕೂರಿಸಿದ್ಮೇಲೆ ಸ್ಪೀಕರಲ್ಲಿ ಕುಂಯ್ ಸೌಂಡ್, ಸರಿಯಾಗಿದ್ದು ಹೀಗೆ

ಹಳೇ ಸ್ಟೀರಿಯೋ ತೆಗೆದು ಆ ಜಾಗದಲ್ಲಿ 7 ಇಂಚಿನ ಟ್ಯಾಬ್ಲೆಟ್ ಕೂರಿಸಿ, ಆಕ್ಸ್ ಕೇಬಲಲ್ಲಿ ಸೀಟ್ ಕೆಳಗಿನ ಆಂಪ್ಲಿಫೈಯರ್‌ಗೆ ಕೊಟ್ಟಿದ್ದೆ. ಇಂಜಿನ್ ಆಫ್ ಇದ್ರೆ ಎಲ್ಲಾ ಸರಿ, ಸ್ಟಾರ್ಟ್ ಮಾಡಿದ್ರೆ ಕುಂಯ್ ಅನ್ನುತ್ತೆ, ಆಕ್ಸಿಲರೇಟರ್ ಒತ್ತಿದಷ್ಟೂ ಸೌಂಡ್ ಕೀರಲಾಗುತ್ತೆ, ಚಾರ್ಜಿಂಗ್ ವೈರ್ ಕಿತ್ರೆ ಮಾತ್ರ ನಿಲ್ಲುತ್ತೆ.

ಆಕ್ಸ್ ಕೇಬಲ್ ಬದಲಾಯಿಸ್ದೆ, ಫೆರೈಟ್ ಕೋರ್ (ವೈರ್ ಮೇಲೆ ಹಾಕೋ, ನಾಯ್ಸ್ ತಡೆಯೋ ಉಂಡೆ) ಹಾಕ್ದೆ, ಮೂರು ಥರ ಚಾರ್ಜರ್ ನೋಡ್ದೆ, ಪವರ್ ವೈರನ್ನ ಆಡಿಯೋ ವೈರಿಂದ ದೂರ ಎಳೆದೆ, ಯಾವ್ದೂ ಕೆಲಸ ಮಾಡ್ಲಿಲ್ಲ.

ತೊಂದ್ರೆ ಇದ್ದಿದ್ದು ಅರ್ತಿಂಗಲ್ಲಿ. ಚಾರ್ಜರ್ ಕಾರಿನ ಲೋಹದ ಬಾಡಿಯ ಒಂದ್ಕಡೆ ಅರ್ತ್ ಆಗಿತ್ತು, ಆಂಪ್ಲಿಫೈಯರ್ ಇನ್ನೊಂದ್ಕಡೆ, ಎರಡರ ಮಧ್ಯೆ ಇರೋ ಚೂರು ವೋಲ್ಟೇಜ್ ವ್ಯತ್ಯಾಸದಿಂದ ಆಕ್ಸ್ ಕೇಬಲ್ ಮೂಲಕ ಕರೆಂಟ್ ಹರಿದು ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು) ಸೌಂಡ್ ಸ್ಪೀಕರ್‌ಗೆ ಬರ್ತಿತ್ತು.

ಮೊದ್ಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ಚಾರ್ಜರ್ ಬದಲಿಗೆ 12 ವೋಲ್ಟನ್ನ 5 ವೋಲ್ಟ್ ಮಾಡೋ 3 ಆಂಪಿಯರ್ ಕನ್ವರ್ಟರ್ ತಗೊಂಡು, ಅದರ ಕೆಂಪು ವೈರನ್ನ 3 ಆಂಪಿಯರ್ ಫ್ಯೂಸ್ ಹಾಕಿ ಹಳೇ ಸ್ಟೀರಿಯೋದ ಎಸಿಸಿ ವೈರ್‌ಗೆ ಕೊಡಿ (ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರೋದು ಅದು, ಬ್ಯಾಟರಿ ಬಿಚ್ಚೋಕೆ ಮುಂಚೆಯೇ ಮೀಟರಲ್ಲಿ ಗುರುತು ಮಾಡ್ಕೊಳ್ಳಿ, ಬಣ್ಣ ನಂಬ್ಬೇಡಿ). ಕಪ್ಪು ವೈರನ್ನ ಹತ್ರ ಸಿಕ್ಕ ಸ್ಕ್ರೂಗೆ ಕಟ್ಟದೆ ಆಂಪ್ಲಿಫೈಯರ್ ಅರ್ತ್ ಆಗಿರೋ ಅದೇ ಬೋಲ್ಟ್‌ವರೆಗೂ ಎಳೀರಿ, ಬೋಲ್ಟ್ ಕೆಳಗಿನ ಪೇಂಟ್ ಲೋಹ ಕಾಣೋ ತನಕ ಉಜ್ಜಿ, ರಿಂಗ್ ಟರ್ಮಿನಲ್ ಹಾಕಿ ಬಿಗಿ ಮಾಡಿ.

ಇಷ್ಟಕ್ಕೇ ಸೌಂಡ್ ಹೋಯ್ತು. ಗ್ರೌಂಡ್ ಲೂಪ್ ಐಸೊಲೇಟರ್ (ಆಕ್ಸ್ ಕೇಬಲ್ ಮಧ್ಯೆ ಕೂತು ಈ ಅರ್ತ್ ದಾರಿ ಕಡಿಯೋ ಡಬ್ಬಿ) ಹಾಕಿದ್ರೂ ಹೋಗುತ್ತೆ, ಆದ್ರೆ ಚಿಕ್ಕವು ಬಾಸ್ ತಿಂದ್ಹಾಕ್ತವೆ.