ಹೊಟ್ಟೆ ಕೊಯ್ಯದೆ ದೊಡ್ಡ ಪಾಲಿಪ್ ತೆಗೆಯುವುದು: ಕಾರವಾರದಲ್ಲಿ ನನ್ನ ಅನುಭವ

ಪಾಲಿಪ್ ಎಂದರೆ ಕರುಳಿನ ಒಳಪೊರೆಯ ಮೇಲೆ ಬೆಳೆಯುವ ಗಡ್ಡೆ. ದೊಡ್ಡ ಕರುಳಿನ ಪಾಲಿಪ್‌ಗಳಲ್ಲಿ ಹೆಚ್ಚಿನವು ಒಂದು ಸೆಂಟಿಮೀಟರ್‌ಗಿಂತ ಸಣ್ಣವು. ಗುದದ್ವಾರದಿಂದ ಕ್ಯಾಮೆರಾ ಕೊಳವೆ ತೂರಿಸಿ ನೋಡುವ ಕೊಲೊನೋಸ್ಕೋಪಿ ಮಾಡುವಾಗಲೇ ತಂತಿಯ ಕುಣಿಕೆ, ಅಂದರೆ ಸ್ನೇರ್ ಹಾಕಿ, ಕರೆಂಟಿನ ಹಂಗೂ ಇಲ್ಲದೆ ಕತ್ತರಿಸಿ ತೆಗೆದುಬಿಡಬಹುದು. ನಾನಿಲ್ಲಿ ಹೇಳಹೊರಟಿರುವುದು ಅವುಗಳ ವಿಷಯವಲ್ಲ. ಎರಡು ಸೆಂಟಿಮೀಟರ್ ದಾಟಿದವು, ತೊಟ್ಟೇ ಇಲ್ಲದೆ ಮಳೆಗಾಲದ ಅಂಗಳದಲ್ಲಿ ಹಾವಸೆ ಹಬ್ಬಿದ ಹಾಗೆ ಚಪ್ಪಟೆಯಾಗಿ ಹಬ್ಬಿದವು, ಕರುಳಿನ ಮಡಿಕೆಯ ಹಿಂದೆ ಅಡಗಿ ಕೂತವು, ಅಪೆಂಡಿಕ್ಸ್ ಬಾಯಿಗೆ ಅಂಟಿಕೊಂಡವು, ಇವು ಕಷ್ಟದ ಪಾಲಿಪ್‌ಗಳು. ಹಿಂದೆಲ್ಲ ಇಂಥದ್ದು ಕಂಡರೆ ಕರುಳಿನ ಆ ಭಾಗವನ್ನೇ ಕೊಯ್ದು ತೆಗೆಯುತ್ತಿದ್ದರು. ಈಗಲೂ ಎಷ್ಟೋ ಕಡೆ ‘ಆಪರೇಷನ್ನೇ ಗತಿ’ ಎಂದು ಹೇಳಿ ಕಳಿಸುತ್ತಾರೆ. ಇನ್ನೂ ಕ್ಯಾನ್ಸರ್ ಆಗಿರದ ಗಡ್ಡೆಗೆ ಅಷ್ಟು ಕರುಳು ತೆರುವುದು ದುಬಾರಿಯಾಯಿತೆಂದೇ ನನ್ನ ಅಭಿಪ್ರಾಯ.

ಇದಕ್ಕಿರುವ ದಾರಿ ಇಎಂಆರ್ (ಎಂಡೋಸ್ಕೋಪಿಕ್ ಮ್ಯೂಕೋಸಲ್ ರಿಸೆಕ್ಷನ್). ಲೋಳೆಪೊರೆಯ ಕೆಳಗೆ ಸೂಜಿಯಿಂದ ದ್ರವ ತುಂಬಿಸಿ, ಪಾಲಿಪ್ಪನ್ನು ಮೇಲಕ್ಕೆಬ್ಬಿಸಿ, ಸ್ನೇರಿನಿಂದ ಕತ್ತರಿಸುವುದು. ವಿಧಾನ ಹೊಸದೇನಲ್ಲ, ದೊಡ್ಡ ಕರುಳಿನಲ್ಲಿ ಹೀಗೆ ದ್ರವ ಚುಚ್ಚಿ ತೆಗೆಯುವುದು 1973ರಲ್ಲೇ ವರದಿಯಾಗಿದೆ. ಮಣಿಪಾಲ, ಬೆಂಗಳೂರಿನಂಥ ಊರುಗಳಲ್ಲಿ ಇದು ದಿನನಿತ್ಯದ ಕೆಲಸ. ಆದರೆ ಉತ್ತರ ಕನ್ನಡದಲ್ಲಿ ಕೂತು ಮಾಡುವಾಗ ಲೆಕ್ಕಾಚಾರ ಬೇರೆಯಾಗುತ್ತದೆ. ಇಲ್ಲಿ ನನ್ನ ಅರ್ಧ ತೀರ್ಮಾನಗಳನ್ನು ಮಾಡುವುದು ರಸ್ತೆ.

ಮೊದಲು ಹೊಟ್ಟೆ ಖಾಲಿ ಮಾಡುವ ವಿಷಯ. ಭೇದಿ ಔಷಧದ ಅರ್ಧವನ್ನು ಹಿಂದಿನ ಸಂಜೆ, ಇನ್ನರ್ಧವನ್ನು ಪರೀಕ್ಷೆಗೆ ನಾಲ್ಕೈದು ತಾಸು ಮುಂಚೆ ಕುಡಿದರೆ ಮಾತ್ರ ಕರುಳಿನ ಬಲಭಾಗ ಸ್ವಚ್ಛವಾಗುತ್ತದೆ. ಜೋಯಿಡಾದಿಂದಲೋ ಸಿದ್ದಾಪುರದಿಂದಲೋ ಬೆಳಗಿನ ಬಸ್ಸಿಗೆ ಹೊರಡುವವರು ಆ ಎರಡನೇ ಅರ್ಧವನ್ನು ಕುಡಿಯುವುದೆಲ್ಲಿ? ಘಟ್ಟ ಇಳಿಯುವ ಬಸ್ಸಿನಲ್ಲಿ ಶೌಚಾಲಯವಿಲ್ಲ. ಹಾಗಾಗಿ ಬಹಳ ಮಂದಿ ಕುಡಿದೆ ಎಂದು ಹೇಳಿ ಕುಡಿಯದೆ ಬರುತ್ತಾರೆ. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ದೂರದವರನ್ನು ಹಿಂದಿನ ದಿನವೇ ದಾಖಲು ಮಾಡಿಕೊಳ್ಳುತ್ತೇನೆ. ಊಟದ ಚೀಟಿಯೂ ಇಲ್ಲಿಯದೇ ಆಗಬೇಕು. ‘ಕಡಿಮೆ ನಾರಿನ ಆಹಾರ’ ಎಂದು ಬರೆದುಕೊಟ್ಟರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಹರಿವೆ, ಬಸಳೆ ಬೇಡ. ಕುಚ್ಚಲಕ್ಕಿ ಬದಲು ಬೆಳ್ತಿಗೆ ಅನ್ನ. ಮುಳ್ಳು ತೆಗೆದ ಮೀನು ಅಡ್ಡಿಯಿಲ್ಲ. ಪೇರಲೆ ಹಣ್ಣು ಮುಟ್ಟಬೇಡಿ ಎಂದು ಬಾಯಲ್ಲೇ ಹೇಳುತ್ತೇನೆ. ಕೊನೆಯ ದಿನ ತಿಳಿನೀರಿನಂಥದ್ದು ಮಾತ್ರ. ಎಳನೀರು ಎಷ್ಟು ಬೇಕಾದರೂ ಕುಡಿಯಲಿ, ಆದರೆ ಕೋಕಂ ಶರಬತ್ತು ಬೇಡವೇ ಬೇಡ. ಆ ಕೆಂಪು ಕರುಳಿನೊಳಗೆ ಥೇಟ್ ರಕ್ತದಂತೆಯೇ ಕಾಣುತ್ತದೆ. ಬಿರುಬೇಸಿಗೆಯಲ್ಲಿ ಕಾರವಾರದವರಿಗೆ ಕೋಕಂ ಬಿಡಿಸುವುದು ಭೇದಿ ಔಷಧ ಕುಡಿಸುವುದಕ್ಕಿಂತ ಕಷ್ಟ!

ಬೈತಕೋಲ್ ಕಡೆಯ ಮೀನು ಮಾರುವ ಅಮ್ಮನೊಬ್ಬರು ಬಂದಿದ್ದರು. ಕಣ್ಣಿಗೆ ಕಾಣುವಂತೆ ರಕ್ತ ಹೋಗಿರಲಿಲ್ಲ. ಹಿಮೋಗ್ಲೋಬಿನ್ ಇಳಿದು, ಬುಟ್ಟಿ ಹೊತ್ತರೆ ಏದುಸಿರು. ಕರುಳಿನ ಬಲಭಾಗದಲ್ಲಿ ಮೂರು ಸೆಂಟಿಮೀಟರ್ ಮೀರಿದ ಚಪ್ಪಟೆ ಪಾಲಿಪ್. “ಹೊಟ್ಟೆ ಕೊಯ್ಯೂದೇ ಇಲ್ವಾ ಹಂಗಾರೆ?” ಎಂದು ಕೇಳಿದರು. “ಇಲ್ಲಮ್ಮ, ಆದರೆ ಕರುಳು ತೂತಾದರೆ ಕೊಯ್ಯಬೇಕಾಗಬಹುದು” ಎಂದೆ. ಇದನ್ನು ನಾನು ಮೊದಲೇ, ಮನೆಯವರ ಮುಂದೆಯೇ ಹೇಳುತ್ತೇನೆ. ಅಂಥ ದಿನ ಸರ್ಜನ್ ಊರಲ್ಲೇ ಇದ್ದಾರೆಂದು ಖಾತ್ರಿಯಾಗದೆ ಕೈಹಾಕುವುದಿಲ್ಲ.

ಮೊದಲ ಹತ್ತು ನಿಮಿಷ ಬರೀ ನೋಡುವುದು. ಮೇಲ್ಮೈಯ ರಂಧ್ರಗಳ ವಿನ್ಯಾಸ, ರಕ್ತನಾಳಗಳ ಗೆರೆ, ನಡುವೆ ಎಲ್ಲಾದರೂ ಗುಳಿಬಿದ್ದಿದೆಯೇ ಎಂಬುದು. ವಿನ್ಯಾಸ ಅಳಿಸಿಹೋಗಿದ್ದರೆ ಕ್ಯಾನ್ಸರ್ ಆಳಕ್ಕಿಳಿದಿರಬಹುದು, ಅದು ಸರ್ಜನ್ ಕೆಲಸ. ಈ ಅಮ್ಮನ ಪಾಲಿಪ್ ಹಾಗಿರಲಿಲ್ಲ. ಸಲೈನಿಗೆ ಹನಿಯಷ್ಟು ಮಿಥಿಲೀನ್ ಬ್ಲೂ, ತುಸು ಅಡ್ರಿನಲಿನ್ ಬೆರೆಸಿ ಪಾಲಿಪ್ಪಿನ ಅಂಚಿಗೆ ಚುಚ್ಚಿದೆವು. ಸೂಜಿ ಸರಿಯಾದ ಪದರದಲ್ಲಿದ್ದರೆ ಒತ್ತಿದ ಕ್ಷಣಕ್ಕೇ ನೀಲಿ ದಿಬ್ಬ ಏಳುತ್ತದೆ. ಏಳದಿದ್ದರೆ ಎರಡೇ ಅರ್ಥ: ಸೂಜಿ ಆಳಕ್ಕೆ ಹೋಗಿದೆ, ಇಲ್ಲವೇ ಪಾಲಿಪ್ ಕೆಳಗೆ ಅಂಟಿಕೊಂಡಿದೆ. ಬಲಭಾಗದ ಕರುಳಿನ ಗೋಡೆ ಎರಡು ಮೂರು ಮಿಲಿಮೀಟರ್ ದಪ್ಪ, ಅಷ್ಟೇ. ಆ ನೀಲಿ ದ್ರವವೇ ನಮಗೂ ತೂತಿಗೂ ನಡುವಿನ ಅಂತರ.

ಆಮೇಲಿನ ಕೆಲಸದಲ್ಲಿ ಅರ್ಧ ಸಿಸ್ಟರ್ ಕೈಯಲ್ಲಿ. ಸ್ನೇರಿನ ಹಿಡಿ ಅವರ ಹತ್ತಿರ. ಕುಣಿಕೆಯನ್ನು ದಿಬ್ಬದ ಮೇಲೆ ಒತ್ತಿ ಹಿಡಿದು, ಒಳಗಿನ ಗಾಳಿ ಸ್ವಲ್ಪ ಎಳೆದು, “ನಿಧಾನ ಮುಚ್ಚಿ” ಎನ್ನುತ್ತೇನೆ. ಅವರ ಹೆಬ್ಬೆರಳಿಗೂ ಉಳಿದ ಬೆರಳಿಗೂ ನಡುವೆ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಜಾಗ ಉಳಿದಿದ್ದರೆ ಕುಣಿಕೆಯಲ್ಲಿ ಬೇಡದ್ದೇನೋ ಸಿಕ್ಕಿದೆ ಎಂದು ಅನುಮಾನ. ಆಗ ಸ್ನೇರನ್ನು ಹಿಂದೆ ಮುಂದೆ ಅಲ್ಲಾಡಿಸುತ್ತೇನೆ: ಪಾಲಿಪ್ ಮಾತ್ರ ಅಲುಗಿದರೆ ಸೈ, ಕರುಳಿನ ಗೋಡೆಯೇ ಜೊತೆಗೆ ಬಂದರೆ ಬಿಟ್ಟು ಮತ್ತೆ ಹಿಡಿಯುವುದು. ನಮ್ಮ ಸಿಸ್ಟರ್ “ರಬ್ಬರ್ ಥರ ಎಳೀತಿದೆ ಸರ್” ಎಂದರೆ ನಾನು ಸ್ನೇರಿಗೆ ಕರೆಂಟು ಹಾಯಿಸುವ ಪೆಡಲ್ ಮೇಲಿಂದ ಕಾಲು ತೆಗೆಯುತ್ತೇನೆ, ವಾದ ಮಾಡುವುದಿಲ್ಲ. ಎಲ್ಲ ಸರಿಯಿದ್ದರೆ ಪೆಡಲ್ ಒತ್ತಿದ ಒಂದೆರಡು ಸೆಕೆಂಡಿನಲ್ಲಿ ತುಂಡು ಬೇರೆ. ದೊಡ್ಡ ಪಾಲಿಪ್ ಒಂದೇ ಸಲಕ್ಕೆ ಬರುವುದಿಲ್ಲ. ಪಕ್ಕಪಕ್ಕದಲ್ಲೇ, ನಡುವೆ ದ್ವೀಪ ಉಳಿಯದಂತೆ ತುಂಡುತುಂಡಾಗಿ ತೆಗೆಯಬೇಕು. ತೆಗೆದ ಜಾಗದಲ್ಲಿ ಒಂದೇ ಸಮನೆ ನೀಲಿ ಕಂಡರೆ ನೆಮ್ಮದಿ. ನೀಲಿಯ ನಡುವೆ ಬಿಳಿ ಉಂಗುರ ಕಂಡರೆ ಸ್ನಾಯುಪದರಕ್ಕೆ ತಾಗಿದೆ ಎಂದರ್ಥ, ಕೂಡಲೇ ಕ್ಲಿಪ್ ಹಾಕಿ ಮುಚ್ಚಬೇಕು. ಕೊನೆಗೆ ಗಾಯದ ಅಂಚನ್ನೆಲ್ಲ ಸ್ನೇರಿನ ತುದಿಯಿಂದ ಹದವಾಗಿ ಸುಡುತ್ತೇವೆ. ಇದೊಂದು ಸಣ್ಣ ಕೆಲಸದಿಂದ ಪಾಲಿಪ್ ಮರುಕಳಿಸುವುದು ಶೇ 21ರಿಂದ ಸುಮಾರು ಶೇ 5ಕ್ಕೆ ಇಳಿಯಿತೆಂದು 2019ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿತು. ಐದು ನಿಮಿಷದ ಮಟ್ಟಿಗೆ ಇಷ್ಟು ಲಾಭ ಕೊಡುವ ಕೆಲಸ ನಮ್ಮ ಕಸುಬಿನಲ್ಲಿ ಕಡಿಮೆ.

ಒಂದು ತಕರಾರೂ ಇದೆ. ಶಿರಸಿ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರ ಪಾಲಿಪ್ಪನ್ನು ಬೇರೊಂದು ಊರಿನಲ್ಲಿ ಅರ್ಧ ಕತ್ತರಿಸಿ, ಉಳಿದದ್ದರಿಂದ ಐದಾರು ಬಯಾಪ್ಸಿ ಚಿವುಟಿ ನನ್ನಲ್ಲಿಗೆ ಕಳಿಸಿದ್ದರು. ಚಿವುಟಿದ ಗಾಯ ಮಾಯುವಾಗ ಕೆಳಪದರ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಎಷ್ಟು ಚುಚ್ಚಿದರೂ ಸುತ್ತಲಿನ ಭಾಗ ಉಬ್ಬಿತೇ ಹೊರತು ಪಾಲಿಪ್ ಮೇಲೇಳಲಿಲ್ಲ. ಅಂಥದ್ದಕ್ಕೆ ಇಎಸ್‌ಡಿ ಬೇಕು. ಜಪಾನಿನ ವೈದ್ಯರು 1990ರ ದಶಕದ ಕೊನೆಯಲ್ಲಿ ರೂಪಿಸಿದ, ಸಣ್ಣ ವಿದ್ಯುತ್ ಚಾಕುವಿನಿಂದ ಕೆಳಪದರವನ್ನೇ ಬಿಡಿಸುತ್ತ ಹೋಗುವ, ತಾಸುಗಟ್ಟಲೆ ಹಿಡಿಯುವ ಕೆಲಸ. ಅದನ್ನು ನಾನು ಇಲ್ಲಿ ಮಾಡುವುದಿಲ್ಲ. ಅವರು ದೊಡ್ಡ ಊರಿಗೇ ಹೋಗಬೇಕಾಯಿತು. ಸಹೋದ್ಯೋಗಿಗಳಿಗೆ ನನ್ನ ಮನವಿ ಇಷ್ಟೇ: ನೀವು ಪೂರ್ತಿ ತೆಗೆಯುವುದಿಲ್ಲವೆಂದಾದರೆ ಚಿವುಟಬೇಡಿ. ಚೆನ್ನಾಗಿ ನಾಲ್ಕು ಫೋಟೊ ತೆಗೆದು ಕಳಿಸಿ. ಗುರುತಿಗೆ ಶಾಯಿ ಚುಚ್ಚುವುದಿದ್ದರೂ ಪಾಲಿಪ್ಪಿನಿಂದ ಮೂರು ಸೆಂಟಿಮೀಟರ್ ದೂರದಲ್ಲಿ ಚುಚ್ಚಿ, ಶಾಯಿಯೂ ಅಂಟಿಸುತ್ತದೆ.

ಇನ್ನು ರಸ್ತೆಯ ವಿಷಯ. ಇಎಂಆರ್ ಆದ ಎರಡು ವಾರದವರೆಗೂ ಗಾಯದಿಂದ ರಕ್ತ ಬರಬಹುದು. ಬಲಭಾಗದ ದೊಡ್ಡ ಗಾಯವನ್ನು ಕ್ಲಿಪ್‌ಗಳಿಂದ ಹೊಲಿದಂತೆ ಮುಚ್ಚಿದರೆ ಆ ಸಾಧ್ಯತೆ ತಗ್ಗುತ್ತದೆ, ಆದರೆ ಒಂದೊಂದು ಕ್ಲಿಪ್ಪಿಗೂ ಸಾವಿರಗಟ್ಟಲೆ ಖರ್ಚು. ಆಸ್ಪತ್ರೆ ಪಕ್ಕದ ಮನೆಯವರಿಗೆ ಕೆಲವೊಮ್ಮೆ ಬಿಡಬಹುದಾದ ಈ ಖರ್ಚನ್ನು ಯಲ್ಲಾಪುರದ ಒಳಗಿನ ಹಳ್ಳಿಯವರಿಗೆ ನಾನು ಬಿಡುವುದಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ದಕ್ಷಿಣಕ್ಕೆ ಹೋಗುವ ಆಂಬುಲೆನ್ಸಿಗೆ ಅದೇ ದಾರಿ. ಹಾಗಾಗಿ ಜೋರು ಮಳೆಯ ತಿಂಗಳುಗಳಲ್ಲಿ, ಅವಸರವಿಲ್ಲದ ಪಾಲಿಪ್‌ಗಳನ್ನು ಮುಂದೆ ಹಾಕುತ್ತೇನೆ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಕೆಲವು ವಾರ ಕಾದರೆ ನಷ್ಟವಿಲ್ಲ. ಕಾಯಲಾಗದವರಿಗೆ ಕಾರವಾರದಲ್ಲೋ ಅಂಕೋಲಾದಲ್ಲೋ ನೆಂಟರ ಮನೆ ಇದೆಯೇ ಎಂದು ಕೇಳುತ್ತೇನೆ. ನಮ್ಮಲ್ಲಿ ನೆಂಟರಿಗೆ ಬರವಿಲ್ಲ. ಹತ್ತು ದಿನ ಅಲ್ಲೇ ಇರಿ, ಭಾರ ಎತ್ತಬೇಡಿ, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಯಾವಾಗ ಶುರು ಮಾಡಬೇಕೆಂದು ನನ್ನನ್ನೇ ಕೇಳಿ ಎಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತೇನೆ.

ತುಂಡುತುಂಡಾಗಿ ತೆಗೆದವರನ್ನು ಆರು ತಿಂಗಳಿಗೆ ಮತ್ತೆ ಕರೆಯಬೇಕು, ಗಾಯದ ಗುರುತನ್ನು ನೋಡಲು. ಹಾಯಾಗಿರುವವರು ಬರುವುದು ಕಡಿಮೆ. ಅದರಲ್ಲೂ ಮತ್ತೆ ಭೇದಿ ಔಷಧವೆಂದರೆ. ಮೀನು ಮಾರುವ ಅಮ್ಮ ಬಂದರು. ಗುರುತು ಸ್ವಚ್ಛವಾಗಿತ್ತು, ಮುಂದಿನದು ಒಂದು ವರ್ಷಕ್ಕೆ ಎಂದೆ. ಈ ಸಲ ಅವರ ತಮ್ಮನೂ ಜೊತೆಗಿದ್ದ, ನಲವತ್ತು ದಾಟಿದವನು. ಅಕ್ಕನಿಗೆ ಇಷ್ಟು ದೊಡ್ಡ ಪಾಲಿಪ್ ಇದ್ದಮೇಲೆ ಅವನಿಗೂ ಕೊಲೊನೋಸ್ಕೋಪಿ ಆಗಬೇಕೆಂದು ನಾನು ಬಾಯಿ ತೆರೆಯುವ ಮೊದಲೇ ಆ ಅಮ್ಮ, “ಇವನಿಗೂ ತಾರೀಕು ಕೊಟ್ಟುಬಿಡಿ ಡಾಕ್ಟ್ರೇ, ಬೋಟು ಕಡಲಿಗೆ ಇಳಿಯೂದರ ಒಳಗೆ” ಎಂದರು.